ಕ್ವಾಲಾಲಂಪುರದಲ್ಲಿ ಅಕ್ಕಿ ಕೊಳ್ಳುವುದು: ನನ್ನ ಅನುಭವ

ಕ್ವಾಲಾಲಂಪುರದ ಒಂದು ಮೆಸ್ಸಿಗೆ ದಿನಸಿ ಕೊಳ್ಳುವುದು ನನ್ನ ಕೆಲಸ. 2023ರ ಸೆಪ್ಟೆಂಬರ್‌ನಲ್ಲಿ ನನ್ನ ಅಕ್ಕಿ ಲೆಕ್ಕವೆಲ್ಲ ತಲೆಕೆಳಗಾಯಿತು.

ಮಲೇಷ್ಯಾಕ್ಕೆ ಅಕ್ಕಿ ತರಿಸುವ ಹಕ್ಕು 1996ರಿಂದ ಬರ್ನಾಸ್ ಎಂಬ ಒಂದೇ ಕಂಪನಿಯ ಕೈಲಿದೆ. 2021ರಲ್ಲಿ ಅದನ್ನು ಇನ್ನೂ 10 ವರ್ಷ ಮುಂದುವರಿಸಿದರು. 2023ರ ಜುಲೈ 20ಕ್ಕೆ ಭಾರತ, ಬಾಸುಮತಿ ಬಿಟ್ಟು ಉಳಿದ ಬೆಳ್ತಿಗೆ ಅಕ್ಕಿಯ ರಫ್ತು ನಿಲ್ಲಿಸಿತು. ಎಲ್ಲ ಕಡೆ ಬೆಲೆ ಏರಿತು. ಸೆಪ್ಟೆಂಬರ್‌ನಲ್ಲಿ ಬರ್ನಾಸ್ ಆಮದು ಅಕ್ಕಿಯ ದರವನ್ನು ಟನ್ನಿಗೆ 2,350 ರಿಂಗಿಟ್‌ನಿಂದ 3,200ಕ್ಕೆ ಏರಿಸಿತು. ಮಲೇಷ್ಯಾದಲ್ಲೇ ಬೆಳೆದ ಬಿಳಿ ಅಕ್ಕಿಗೆ ಮಾತ್ರ ಸರ್ಕಾರ ಕಟ್ಟಿದ ಬೆಲೆ ಕದಲಲಿಲ್ಲ: ಕಿಲೋಗೆ 2.60 ರಿಂಗಿಟ್. 26 ರಿಂಗಿಟ್‌ನ 10 ಕಿಲೋ ಚೀಲ ಅಂಗಡಿಗಳಿಂದ ಮಾಯವಾಯಿತು. ಸ್ಥಳೀಯ ಅಕ್ಕಿಯನ್ನೇ ಆಮದಿನ ಚೀಲಕ್ಕೆ ತುಂಬುತ್ತಾರೆ ಅನ್ನುವ ದೂರು ದೇಶವೆಲ್ಲ ಎದ್ದಿತು.

ಅಂದಿನಿಂದ ನಾನು ಚೀಲದ ಮೇಲಿನ ಬರಹ ನೋಡಿ ಕೊಳ್ಳುವುದಿಲ್ಲ. ಒಂದು ಹಿಡಿ ಅಕ್ಕಿ ಅಂಗೈಗೆ ಸುರಿದು ನುಚ್ಚು ಎಷ್ಟಿದೆ ಅಂತ ಆರಿಸಿ ನೋಡುತ್ತೇನೆ. ಮುಗ್ಗಲು ವಾಸನೆ ಇದೆಯಾ ಅಂತ ಮೂಸುತ್ತೇನೆ. ಆಮೇಲೆ ಒಂದು ಪಾವು ಬೇಯಿಸಿ ಅನ್ನ ತೂಗುತ್ತೇನೆ. ಹಳೇ ಅಕ್ಕಿ ನೀರು ಜಾಸ್ತಿ ಎಳೆಯುತ್ತದೆ, ಚೆನ್ನಾಗಿ ಒದಗುತ್ತದೆ. ಹೊಸದು ಮುದ್ದೆಯಾಗುತ್ತದೆ. ಕಿಲೋ ಬೆಲೆ ಬಿಟ್ಟು ಒಂದು ಊಟಕ್ಕೆ ಎಷ್ಟು ಬೀಳುತ್ತದೆ ಅಂತ ಬರೆದಿಡುತ್ತೇನೆ. ಹಾಗೆ ನೋಡಿದರೆ ಭಾರತದಿಂದ ಬರುವ ಪೊನ್ನಿ ತಳಿಯ ಕುಚ್ಚಲಕ್ಕಿ ಅಷ್ಟೇನೂ ದುಬಾರಿ ಅಲ್ಲ. ಕುಚ್ಚಲಕ್ಕಿಗೆ ಭಾರತದ ನಿಷೇಧವೂ ಇರಲಿಲ್ಲ, ಆಗಸ್ಟ್‌ನಿಂದ 20% ರಫ್ತು ಸುಂಕ ಇತ್ತು ಅಷ್ಟೇ. ಮಧ್ಯಾಹ್ನದ ಊಟವನ್ನು ಅದಕ್ಕೇ ತಿರುಗಿಸಿದೆ.

ಬರ್ನಾಸ್ ಮೇಲೆ ಹೊಣೆಯೂ ಇದೆ. ದೇಶಕ್ಕೆ ದಾಸ್ತಾನು ಇಡಬೇಕು, ಯಾರೂ ಕೊಳ್ಳದ ಭತ್ತವನ್ನು ತಾನು ಕೊಳ್ಳಬೇಕು. ಭತ್ತ ಬೆಳೆಯುವ ಕೆಡಾ ರಾಜ್ಯದ ರೈತರಿಗೆ ಆ ಭರವಸೆ ಬೇಕೇ ಬೇಕು. ಆದರೆ ದಾಸ್ತಾನಿಗಾಗಿ ಆಮದನ್ನು ಒಬ್ಬರಿಗೇ ಬರೆದುಕೊಡಬೇಕಿಲ್ಲ. ಪಕ್ಕದ ಸಿಂಗಪುರದಲ್ಲಿ ಭತ್ತದ ರೈತರಿಲ್ಲ, ನಿಜ. ಅಲ್ಲಿ ಆಮದುದಾರರು ಹಲವರು, ಒಬ್ಬೊಬ್ಬರೂ ಎರಡು ತಿಂಗಳ ಆಮದಿನಷ್ಟು ಅಕ್ಕಿ ದಾಸ್ತಾನು ಇಡಲೇಬೇಕು. ಮಲೇಷ್ಯಾದಲ್ಲೂ ಹಾಗಿದ್ದಿದ್ದರೆ 2023ರಲ್ಲಿ ಬೆಲೆ ಏರದೆ ಇರುತ್ತಿರಲಿಲ್ಲ. ಆದರೆ ಒಬ್ಬರ ದರ ಇನ್ನೊಬ್ಬರಿಗೆ ಹೇಳಿ ಚೌಕಾಸಿ ಮಾಡಬಹುದಿತ್ತು. ಈಗ ಎಷ್ಟು ಸಗಟು ಅಂಗಡಿ ಸುತ್ತಿದರೂ ಆಮದು ಅಕ್ಕಿ ಹೊರಟಿದ್ದು ಒಂದೇ ಕಡೆಯಿಂದ, ಅಲ್ವಾ?