ಪೇಸ್‌ಮೇಕರ್ ಇರುವವರಿಗೆ ವ್ಯಾಯಾಮ ಕಷ್ಟವಾದರೆ ಏನು ಮಾಡಬೇಕು?

ಹೃದಯದ ಬಡಿತ ತೀರಾ ನಿಧಾನವಾಗದಂತೆ ನೋಡಿಕೊಳ್ಳುವ ಪುಟ್ಟ ಯಂತ್ರವಾದ ಪೇಸ್‌ಮೇಕರ್ ಅಳವಡಿಸಿದ ಮೇಲೆ ತಲೆಸುತ್ತು, ಎಚ್ಚರ ತಪ್ಪುವುದು ನಿಂತುಹೋದರೂ, ಸ್ವಲ್ಪ ಬಿರುಸಾಗಿ ನಡೆದರೆ ಏದುಸಿರು ಬರುತ್ತದೆ, ಮಹಡಿ ಹತ್ತುವಾಗ ಕಾಲು ಸೋಲುತ್ತದೆ ಎನ್ನುವವರು ಬಹಳ ಮಂದಿ ಇದ್ದಾರೆ. ಮನೆಯವರು ಇದನ್ನು ವಯಸ್ಸಿನ ಲೆಕ್ಕಕ್ಕೋ ಹೆದರಿಕೆಯ ಲೆಕ್ಕಕ್ಕೋ ಸೇರಿಸಿಬಿಡುತ್ತಾರೆ. ಆದರೆ ಎಷ್ಟೋ ಸಲ ಯಂತ್ರದ ಸೆಟ್ಟಿಂಗ್ ಆ ವ್ಯಕ್ತಿಯ ದಿನಚರಿಗೆ ಹೊಂದದಿರುವುದೇ ಇದಕ್ಕೆ ಕಾರಣವಾಗಿರುತ್ತದೆ. ಅದನ್ನು ಮತ್ತೆ ಕೊಯ್ಯದೆ, ಎದೆಯ ಮೇಲೆ ಸಾಧನವೊಂದನ್ನಿಟ್ಟು ಹೊರಗಿನಿಂದಲೇ ಬದಲಾಯಿಸಬಹುದು. ಆದ್ದರಿಂದ ಸುಸ್ತನ್ನು ಸಹಿಸಿಕೊಂಡು ಕೂರಬೇಡಿ.

ಮೊದಲ ನಾಲ್ಕರಿಂದ ಆರು ವಾರ ಮಾತ್ರ ತಾಳ್ಮೆ ಬೇಕು. ಯಂತ್ರದಿಂದ ಹೃದಯಕ್ಕೆ ಹೋಗುವ ತಂತಿಗಳು ಅದರೊಳಗೆ ಭದ್ರವಾಗಿ ನೆಲೆಸುವವರೆಗೆ, ಯಂತ್ರವಿರುವ ಕಡೆಯ ಕೈಯನ್ನು ಭುಜಕ್ಕಿಂತ ಮೇಲೆತ್ತುವುದು, ಭಾರ ಎತ್ತುವುದು, ಸೂರ್ಯನಮಸ್ಕಾರ ಮಾಡುವುದು ಬೇಡ. ಹಾಗೆಂದು ಆ ಕೈಯನ್ನು ಮಡಿಸಿಕೊಂಡೇ ಇದ್ದರೆ ಭುಜ ಬಿಗಿದುಕೊಳ್ಳುತ್ತದೆ. ಭುಜದ ಮಟ್ಟದೊಳಗೆ ಕೈ ಆಡಿಸುತ್ತಿರಿ. ವೈದ್ಯರು ಒಪ್ಪಿದರೆ ನಡಿಗೆಯನ್ನು ಆಗಲೇ ಶುರುಮಾಡಬಹುದು.

ಅನಂತರವೂ ಕಷ್ಟವಾಗುತ್ತಿದ್ದರೆ, ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಂದಿಷ್ಟು ತಿಳಿದುಕೊಳ್ಳುವುದು ಒಳ್ಳೆಯದು. ಕೆಲವರ ಹೃದಯ ಶ್ರಮಕ್ಕೆ ತಕ್ಕಂತೆ ತಾನಾಗಿ ವೇಗ ಹೆಚ್ಚಿಸಿಕೊಳ್ಳುವುದಿಲ್ಲ; ಅಂಥವರ ಬಡಿತ ಎಷ್ಟು ನಡೆದರೂ ನಿಮಿಷಕ್ಕೆ 60ರ ಆಸುಪಾಸಿನಲ್ಲೇ ನಿಂತರೆ ಏದುಸಿರು ಬಾರದೆ ಇರದು. ಇದಕ್ಕಾಗಿಯೇ ಹಲವು ಪೇಸ್‌ಮೇಕರ್‌ಗಳಲ್ಲಿ, ಶ್ರಮವನ್ನು ಗುರುತಿಸಿ ಬಡಿತ ಹೆಚ್ಚಿಸಲು ನೆರವಾಗುವ ಒಂದು ಸೆನ್ಸರ್ ಇರುತ್ತದೆ. ನಿಮ್ಮ ದಾಖಲೆಯಲ್ಲಿ, ಯಂತ್ರ ಕೆಲಸ ಮಾಡುವ ವಿಧಾನವನ್ನು ಹೇಳುವ ಸಂಕೇತ ಡಿಡಿಡಿಆರ್ (DDDR) ಅಥವಾ ವಿವಿಐಆರ್ (VVIR) ಎಂದಿದ್ದರೆ, ಕೊನೆಯ ‘ಆರ್’ ಆ ಸೌಲಭ್ಯ ಚಾಲೂ ಇದೆ ಎಂದು ಸೂಚಿಸುತ್ತದೆ.

ಬಹುಪಾಲು ಸೆನ್ಸರ್‌ಗಳು ಮೈಯ ಅಲುಗಾಟವನ್ನು ಗಮನಿಸುತ್ತವೆ. ಮೆಟ್ಟಿಲು ಹತ್ತುವಾಗ ಶ್ರಮ ಹೆಚ್ಚು, ಆದರೆ ಮೈ ನಿಧಾನವಾಗಿ ಅಲುಗುತ್ತದೆ. ಇಳಿಯುವಾಗ ಶ್ರಮ ಕಡಿಮೆ, ಕುಲುಕಾಟ ಹೆಚ್ಚು. ಹೀಗಾಗಿ ಹತ್ತುವಾಗ ಕೊಡಬೇಕಾದ ವೇಗವನ್ನು ಯಂತ್ರ ಇಳಿಯುವಾಗ ಕೊಡುವುದುಂಟು. ಜಿಮ್ಮಿನ ಸೈಕಲ್ ತುಳಿಯುವಾಗಲೂ ಕಾಲು ದುಡಿಯುತ್ತದೆ, ಎದೆಯ ಭಾಗ ಮಾತ್ರ ಅಲುಗದೆ ಇರುತ್ತದೆ. ಯಂತ್ರದ ಪಾಲಿಗೆ ನೀವು ಸುಮ್ಮನೆ ಕುಳಿತಂತೆಯೇ. ಇಂಥವರಿಗೆ ಕೈ ಬೀಸಿ ನಡೆಯುವುದು ಸೈಕಲ್‌ಗಿಂತ ಹಿತವಾಗುತ್ತದೆ. ಉಸಿರಾಟವನ್ನು ಅಳೆಯುವ ಸೆನ್ಸರ್ ಕೂಡ ಕೆಲವು ಯಂತ್ರಗಳಲ್ಲಿದೆ. ನಿಮ್ಮದು ಯಾವುದೆಂದು ಕೇಳಿಕೊಳ್ಳಿ.

ಇನ್ನು ಕೆಲವರಲ್ಲಿ, ಅದರಲ್ಲೂ ವಯಸ್ಸು ಕಡಿಮೆ ಇರುವವರಲ್ಲಿ, ಹೃದಯದ ಮೇಲಿನ ಕೋಣೆ ಸರಿಯಾಗಿಯೇ ವೇಗ ಪಡೆಯುತ್ತದೆ, ಕೆಳಗಿನ ಕೋಣೆಗೆ ಸಂದೇಶ ಮುಟ್ಟಿಸುವ ಕೆಲಸವಷ್ಟೇ ಯಂತ್ರದ್ದು. ಆ ಯಂತ್ರಕ್ಕೆ ನಿಮಿಷಕ್ಕೆ 120 ಅಥವಾ 130 ಬಡಿತ ಎಂಬಂಥ ಒಂದು ಮೇಲಿನ ಮಿತಿ ಇರುತ್ತದೆ. ವೇಗ ಅದನ್ನು ದಾಟಿದಾಗ ಯಂತ್ರ ಕೆಲವು ಬಡಿತಗಳನ್ನು ಬಿಟ್ಟುಬಿಡುತ್ತದೆ. ಕೆಲವೊಮ್ಮೆ ನಾಡಿ ಒಮ್ಮೆಗೇ ಅರ್ಧಕ್ಕೆ ಇಳಿಯುತ್ತದೆ. ಚೆನ್ನಾಗಿ ಓಡುತ್ತಿದ್ದವರು ಇದ್ದಕ್ಕಿದ್ದಂತೆ ಕಾಲು ಕಟ್ಟಿಹಾಕಿದಂತೆ ನಿಂತುಬಿಡುವುದು ಇದರಿಂದಲೇ ಇರಬಹುದು.

ತಪಾಸಣೆಗೆ ಹೋಗಿ ‘ಸುಸ್ತಾಗುತ್ತದೆ’ ಎಂದಷ್ಟೇ ಹೇಳಿದರೆ ಕೆಲಸವಾಗುವುದಿಲ್ಲ. ಯಾವ ಕೆಲಸ ಮಾಡುವಾಗ, ಎಷ್ಟು ಹೊತ್ತಿನ ಮೇಲೆ, ನಿಧಾನವಾಗಿಯೋ ಥಟ್ಟನೆಯೋ ಸುಸ್ತಾಯಿತು ಎಂಬುದನ್ನು ಗಂಟೆ ಸಮೇತ ಬರೆದಿಡಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಆಗಿನ ನಾಡಿಯನ್ನೂ ಎಣಿಸಿ. ವಾಚು ತೋರಿಸುವ ಸಂಖ್ಯೆಯನ್ನೇ ನಂಬಬೇಡಿ. ಈ ಚೀಟಿ ಕೈಯಲ್ಲಿದ್ದರೆ ಪೇಸ್‌ಮೇಕರ್ ವಿಭಾಗದವರು ಅದನ್ನು ಯಂತ್ರದ ದಾಖಲೆಯೊಂದಿಗೆ ತಾಳೆ ನೋಡಬಹುದು. ಕಾರಿಡಾರಿನಲ್ಲೋ ಟ್ರೆಡ್‌ಮಿಲ್ ಮೇಲೋ ನಡೆಸಿ ನೋಡಿ ಸೆಟ್ಟಿಂಗ್ ಬದಲಿಸಲು ಸಾಧ್ಯವೇ ಎಂದು ಸಂಕೋಚವಿಲ್ಲದೆ ಕೇಳಿ. ರಕ್ತಹೀನತೆ, ಥೈರಾಯ್ಡ್, ನಾಡಿಯನ್ನು ನಿಧಾನಗೊಳಿಸುವ ಮಾತ್ರೆಗಳು, ಹೃದಯದ ಸ್ನಾಯುವಿನ ದುರ್ಬಲತೆ ಇವೂ ಕಾರಣವಾಗಬಹುದಾದ್ದರಿಂದ ರಕ್ತಪರೀಕ್ಷೆ, ಎಕೋ (ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ) ಬೇಕಾದೀತು. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ನಡಿಗೆಯನ್ನು ಐದು ನಿಮಿಷ ನಿಧಾನವಾಗಿ ಆರಂಭಿಸಿ, ಯಂತ್ರಕ್ಕೂ ಸ್ನಾಯುಗಳಿಗೂ ಸಮಯ ಕೊಟ್ಟು, ಮಾತಾಡಲು ಸಾಧ್ಯ ಆದರೆ ಹಾಡಲು ಕಷ್ಟ ಎನ್ನುವಷ್ಟು ವೇಗಕ್ಕೆ ಬನ್ನಿ; ಮುಗಿಸುವಾಗಲೂ ಥಟ್ಟನೆ ನಿಲ್ಲದೆ ನಿಧಾನಗೊಳಿಸಿ. ಮೊದಲು ದಿನಕ್ಕೆರಡು ಬಾರಿ ಹತ್ತು ನಿಮಿಷ ಸಾಕು. ವಾರ ವಾರವೂ ಕೆಲವು ನಿಮಿಷ ಸೇರಿಸುತ್ತಾ ವಾರದಲ್ಲಿ ಐದು ದಿನ, ಅರ್ಧ ಗಂಟೆಯ ನಡಿಗೆಗೆ ಬರುವುದು ಒಳ್ಳೆಯ ಗುರಿ.

ಕಬಡ್ಡಿಯಂಥ, ಯಂತ್ರಕ್ಕೆ ಪೆಟ್ಟು ಬೀಳಬಹುದಾದ ಆಟಗಳನ್ನು ಬಿಡಿ. ತಲೆಯ ಮೇಲೆ ಭಾರ ಎತ್ತುವ ವ್ಯಾಯಾಮವನ್ನು ಪದೇ ಪದೇ ಮಾಡಿದರೆ ಕೊರಳೆಲುಬಿನ ಕೆಳಗೆ ತಂತಿ ಸವೆಯುವ ಅಪಾಯವಿದೆ. ನಿಮಗೆ ಹಾಕಿರುವುದು ಬಡಿತ ಅಪಾಯದ ವೇಗಕ್ಕೆ ಏರಿದಾಗ ಶಾಕ್ ಕೊಡುವ ಐಸಿಡಿ ಯಂತ್ರವಾದರೆ, ಶಾಕ್ ಹೃದಯ ಬಡಿತದ ಯಾವ ವೇಗಕ್ಕೆ ನಿಗದಿಯಾಗಿದೆ ಎಂದು ವೈದ್ಯರಿಂದ ತಿಳಿಯದೆ ವ್ಯಾಯಾಮದ ಬಿರುಸು ಹೆಚ್ಚಿಸಬೇಡಿ.

ಎದೆನೋವು, ಕಣ್ಣು ಕತ್ತಲಿಡುವುದು, ಎಚ್ಚರ ತಪ್ಪುವುದು, ನಿಗದಿಪಡಿಸಿದ ಕನಿಷ್ಠ ವೇಗಕ್ಕಿಂತ ನಾಡಿ ಇಳಿಯುವುದು, ನಿಲ್ಲದ ಬಿಕ್ಕಳಿಕೆ, ಗಾಯದ ಜಾಗದಲ್ಲಿ ಊತ ಅಥವಾ ಕೀವು ಕಂಡರೆ ವ್ಯಾಯಾಮ ನಿಲ್ಲಿಸಿ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ, ಪೇಸ್‌ಮೇಕರ್ ಕಾರ್ಡ್ ತೆಗೆದುಕೊಂಡು ಆಸ್ಪತ್ರೆಗೆ ಹೋಗಿ.