ರೇಸ್ ಕುದುರೆ ಟ್ರೇನರ್ ಆಗ್ಬೇಕಾ? ಮೊದಲು ಕಾಲು ಮುಟ್ಟಿ ನೋಡೋದು ಕಲೀರಿ

ಟ್ರೇನರ್ ಆಗೋ ಆಸೆ ಇರೋರು ಮೊದಲು ಕೇಳೋದೇ ಲೈಸೆನ್ಸ್ ಹೇಗೆ ಸಿಗತ್ತೆ ಅಂತ. ಅದು ಆಮೇಲಿನ ಮಾತು ರೀ. ಮೊದಲು ಒಳ್ಳೆ ಟ್ರೇನರ್ ಒಬ್ರ ಲಾಯಕ್ಕೆ ಕೆಲಸಕ್ಕೆ ಸೇರ್ಕೊಳ್ಳಿ, ಲದ್ದಿ ಬಾಚೋದು, ಮೈ ಉಜ್ಜೋದು, ನಡೆಸಾಡ್ಸೋದು, ಏನ್ ಹೇಳಿದ್ರೂ ಮಾಡಿ. ಆಸ್ಟ್ರೇಲಿಯಾದ ಬಾರ್ಟ್ ಕಮಿಂಗ್ಸ್ ಟ್ರೇನರ್ ಆಗಿ 12 ಸಲ ಅಲ್ಲಿನ ದೊಡ್ಡ ರೇಸಾದ ಮೆಲ್ಬರ್ನ್ ಕಪ್ ಗೆದ್ರು, ಅಂಥವ್ರೂ ಶುರು ಮಾಡಿದ್ದು ಹೀಗೇನೇ. 1950ರಲ್ಲಿ ಅವ್ರ ಅಪ್ಪ ಜಿಮ್ ತಯಾರು ಮಾಡಿದ್ದ ಕಾಮಿಕ್ ಕೋರ್ಟ್ ಆ ಕಪ್ ಗೆದ್ದಾಗ ಅದರ ಆರೈಕೆ ಮಾಡ್ತಿದ್ದ ಹುಡುಗ ಬಾರ್ಟ್. ಸ್ವಂತ ಹೆಸರಲ್ಲಿ ಮೊದಲ ಕಪ್ ಬಂದಿದ್ದು 1965ರಲ್ಲಿ, ಲೈಟ್ ಫಿಂಗರ್ಸ್ ಅನ್ನೋ ಹೆಣ್ಣು ಕುದುರೆಯಿಂದ. ಮಧ್ಯೆ 15 ವರ್ಷ ಹೋಗಿತ್ತು.

ಇನ್ನು ಕಾಲು. ದಿನಾ ಬೆಳಿಗ್ಗೆ ಕುದುರೆ ಟ್ರ್ಯಾಕಿಗೆ ಹೋಗೋಕೆ ಮುಂಚೆ ಮುಂಗಾಲಿನ ಮಂಡಿಯಿಂದ ಕೆಳಗೆ, ಹಿಂಭಾಗದಲ್ಲಿ ಹಗ್ಗದ ಥರ ಸಿಗೋ ಟೆಂಡನ್ (ಮಾಂಸಖಂಡಾನ ಮೂಳೆಗೆ ಕಟ್ಟೋ ನಾರು) ಮೇಲೆ ಬೆರಳು ನಿಧಾನಕ್ಕೆ ಇಳಿಸ್ಕೊಂಡು ಬನ್ನಿ. ಒಂದು ಕಾಲು ಮುಟ್ಟಿದ್ ತಕ್ಷಣ ಇನ್ನೊಂದನ್ನೂ ಮುಟ್ಟಿ, ಯಾಕಂದ್ರೆ ಒಂದನ್ನೇ ಮುಟ್ಟಿದ್ರೆ ಬಿಸಿ, ಅಂದ್ರೆ ಒಳಗಿನ ಪೆಟ್ಟಿನ ಗುರುತು, ಇದ್ಯೋ ಇಲ್ವೋ ಗೊತ್ತಾಗಲ್ಲ, ಎರಡಕ್ಕೂ ಇರೋ ವ್ಯತ್ಯಾಸ ಮಾತ್ರ ಗೊತ್ತಾಗತ್ತೆ. ಆಮೇಲೆ ಕಾಲು ಎತ್ತಿ ಹಿಡಿದು ಟೆಂಡನ್ನನ್ನ ಮೆಲ್ಲಗೆ ಹಿಸುಕಿ, ಕುದುರೆ ಕಾಲು ಎಳ್ಕೊಂಡ್ರೆ ಅವತ್ತು ಗ್ಯಾಲಪ್ (ಜೋರು ಓಟ) ಬೇಡ, ಪಶುವೈದ್ಯರನ್ನ ಕರೆಸಿ ಸ್ಕ್ಯಾನ್ ಮಾಡ್ಸಿ. ಸಣ್ಣ ಊತ ತಾನೇ ಅಂತ ಓಡ್ಸಿ ಟೆಂಡನ್ ಹರೀತು ಅಂದ್ರೆ ವಾಪಸ್ ಬರೋಕೆ 9ರಿಂದ 12 ತಿಂಗಳು, ಬಂದ್ರೂ ಮೊದಲಿನ ಕುದುರೆ ಆಗಿರತ್ತೆ ಅಂತ ಹೇಳಕ್ಕಾಗಲ್ಲ.

ಮೇವಿನ ಬಕೆಟ್ ನೋಡೋದನ್ನ ಮರೀಬೇಡಿ. ಜೋರಾಗಿ ಓಡಿದ ಮಾರನೇ ದಿನ ಅರ್ಧ ಓಟ್ಸ್ ಹಾಗೇ ಉಳಿದಿದ್ರೆ ಕೆಲಸ ಜಾಸ್ತಿ ಆಯ್ತೋ, ಜ್ವರಾನೋ, ಏನೋ ಒಂದು ಇದೆ. ಥರ್ಮಾಮೀಟರ್ ಹಾಕಿ, ಆರಾಮಾಗಿ ನಿಂತಿರೋ ಕುದುರೆಗೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸರಿ, ಅದಕ್ಕಿಂತ ಮೇಲೆ ಹೋದ್ರೆ ಟ್ರ್ಯಾಕ್ ಬಿಡಿ.

ಕೆಲಸ ಕೊಡೋದ್ರಲ್ಲಿ ಹೊಸಬರು ಎಡವೋದು ಎರಡು ವರ್ಷದ ಮರಿಗಳಲ್ಲಿ. ಬರೀ ನಿಧಾನಕ್ಕೆ ದೂರ ದೂರ ಓಡ್ಸಿದ್ರೆ ಉಸಿರು ಪಳಗತ್ತೆ, ಆದ್ರೆ ಮೂಳೆ ಸ್ಪೀಡಿಗೆ ಗಟ್ಟಿ ಆಗಲ್ಲ, ಆಮೇಲೆ ಒಂದೇ ಸಲ ಜೋರು ಮಾಡಿದ್ರೆ ಮುಂಗಾಲಿನ ಮಂಡಿ ಕೆಳಗಿನ ಉದ್ದ ಮೂಳೆಯ ಮುಂಭಾಗ ನೋಯೋಕೆ ಶುರು. ಅದಕ್ಕೆ ಮೊದಲಿಂದ್ಲೇ ತುಂಬಾ ಚಿಕ್ಕ ಚಿಕ್ಕ ಸ್ಪೀಡ್ ಓಟ ಸೇರಿಸ್ಕೊಂಡು ಬರಬೇಕು, ಒಂದು ಫರ್ಲಾಂಗ್ ಅಂದ್ರೆ ಸುಮಾರು 200 ಮೀಟರ್, ಅದನ್ನ 15 ಸೆಕೆಂಡಲ್ಲಿ ಓಡಿದ್ರೆ ಆ ಹಂತಕ್ಕೆ ಸಾಕು. ಇನ್ನೊಂದು, ಉತ್ತರ ಗೋಳದಲ್ಲಿ ಎಲ್ಲಾ ಥರೋಬ್ರೆಡ್‌ಗೂ (ರೇಸಿಗೆ ಬಳಸೋ ತಳಿ) ಜನವರಿ 1ಕ್ಕೇ ವಯಸ್ಸು ಏರತ್ತೆ, ಆಸ್ಟ್ರೇಲಿಯಾದಲ್ಲಿ ಆಗಸ್ಟ್ 1ಕ್ಕೆ. ಹಾಗಾಗಿ ಉತ್ತರದಲ್ಲಿ ಮೇ ತಿಂಗಳಲ್ಲಿ ಹುಟ್ಟಿದ್ದು ಜನವರಿ ಮರಿ ಜೊತೆ ಓಡುವಾಗ ನಾಲ್ಕು ತಿಂಗಳು ಚಿಕ್ಕದು, ಅದಕ್ಕೆ ಟೈಮ್ ಕೊಡಿ.

ಕಮಿಂಗ್ಸ್ ಅವ್ರದ್ದು ಒಂದು ಲೆಕ್ಕ ಇತ್ತು, ಮೆಲ್ಬರ್ನ್ ಕಪ್ 3200 ಮೀಟರ್, ಅದಕ್ಕೆ ಮುಂಚೆ ಆ ಸೀಸನ್ನಿನ ರೇಸುಗಳಲ್ಲೇ ಕುದುರೆ ಒಟ್ಟು 10,000 ಮೀಟರ್ ಓಡಿರಬೇಕು ಅಂತ. ನನಗೆ ಇದು ತುಂಬಾ ಇಷ್ಟ, ಯಾಕಂದ್ರೆ ದೊಡ್ಡ ರೇಸಿನ ದಿನಾನ ಇಟ್ಕೊಂಡು ಹಿಂದಕ್ಕೆ ಎಣಿಸ್ಕೊಂಡು ಬರೋದು ಇದ್ರಲ್ಲಿ ಚೆನ್ನಾಗಿ ಕಾಣತ್ತೆ. ನೀವೂ ಹಾಗೇ ಬರೆದಿಟ್ಕೊಳ್ಳಿ.

ಲೈಸೆನ್ಸ್ ವಿಷ್ಯ ಒಂದೊಂದು ಕಡೆ ಒಂದೊಂದು ಥರ, ಸಾಮಾನ್ಯವಾಗಿ ಅನುಭವ, ದುಡ್ಡಿನ ಸ್ಥಿತಿ, ಲಾಯದ ವ್ಯವಸ್ಥೆ ಎಲ್ಲಾ ನೋಡ್ತಾರೆ, ಸಂದರ್ಶನಾನೂ ಇರತ್ತೆ. ಅಸಿಸ್ಟೆಂಟ್ ಆಗಿರುವಾಗ್ಲೇ ಔಷಧಿ ಪುಸ್ತಕ ಬರೆಯೋ ಅಭ್ಯಾಸ ಮಾಡ್ಕೊಳ್ಳಿ: ಯಾವ ಕುದುರೆಗೆ, ಯಾವ ಔಷಧಿ, ಎಷ್ಟು, ಯಾವತ್ತು, ಎಷ್ಟ್ ಹೊತ್ತಿಗೆ, ಯಾರು ಕೊಟ್ರು. ಕುದುರೆಯ ಡೋಪ್ ಟೆಸ್ಟಲ್ಲಿ (ನಿಷೇಧಿತ ಔಷಧಿ ಪರೀಕ್ಷೆ) ಏನಾದ್ರೂ ಸಿಕ್ರೆ ಉತ್ತರ ಕೊಡ್ಬೇಕಾಗಿರೋರು ಟ್ರೇನರ್ರೇ, ಔಷಧಿ ಬೇರೆ ಯಾರೇ ಕೊಟ್ಟಿರ್ಲಿ.