ಪೆನ್ಸಿಲಿನಲ್ಲಿ ಉಳಿದ ಮೂರು ಸಾಲು: ಒಂದು ಥಂಡರ್‌ಬೋಲ್ಟ್‌ನ ಗುರುತು ಹುಡುಕಿದ ಅನುಭವ

ರೆಕ್ಕೆಗೆ ಅಡ್ಡಲಾಗಿ ಬಳಿದ ಬಿಳಿ ಪಟ್ಟೆಯ ಅಗಲ ಎಷ್ಟು? ಈ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ನನಗೆ ಮೂರು ತಿಂಗಳು ಹಿಡಿಯಿತು. ವಿಮಾನ ರಿಪಬ್ಲಿಕ್ ಥಂಡರ್‌ಬೋಲ್ಟ್. ಅಮೆರಿಕದಲ್ಲಿ ತಯಾರಾಗಿ, ಬ್ರಿಟಿಷ್ ವಾಯುಪಡೆಯ ಕೈಸೇರಿ, 1944ರ ಸೆಪ್ಟೆಂಬರ್‌ನಿಂದ ಬರ್ಮಾದಲ್ಲಿ ಜಪಾನೀ ಸೇನೆಯ ಮೇಲೆ ಬಾಂಬು, ಗುಂಡು ಸುರಿಸಿದ ದೈತ್ಯ. ನಾನು 1/48 ಅಳತೆಯ ಪ್ಲಾಸ್ಟಿಕ್ ಮಾದರಿಗಳನ್ನು ಕಟ್ಟುತ್ತೇನೆ. ಆ ಅಳತೆಯಲ್ಲಿ ನಿಜವಾದ ಒಂದು ಅಂಗುಲ ನನ್ನ ಮೇಜಿನ ಮೇಲೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆದರೂ ಪಟ್ಟೆಯ ಅಗಲ ತಪ್ಪಿದರೆ ಕಣ್ಣು ಅದನ್ನು ಕೂಡಲೇ ಹಿಡಿಯುತ್ತದೆ.

ಈ ವಿಮಾನವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ನನ್ನ ಊರು. ನಾನಿರುವುದು ಯಲಹಂಕದಲ್ಲಿ. ಏರ್ ಶೋ ನಡೆಯುವ ಇದೇ ವಾಯುನೆಲೆಯಲ್ಲಿ 1944ರಲ್ಲಿ ಥಂಡರ್‌ಬೋಲ್ಟ್ ತರಬೇತಿ ಘಟಕವಿತ್ತು. ಅಲ್ಲಿಯವರೆಗೆ ಹರಿಕೇನ್ ಎಂಬ ಬ್ರಿಟಿಷ್ ಫೈಟರ್ ಹಾರಿಸುತ್ತಿದ್ದ ಪೈಲಟ್‌ಗಳು ಇಲ್ಲಿಗೆ ಬಂದು, ಅದರ ಎರಡು ಪಟ್ಟು ಭಾರದ ಈ ಯಂತ್ರವನ್ನು ಪಳಗಿಸಿಕೊಂಡು, ಇಲ್ಲಿಂದ ಯುದ್ಧಕ್ಕೆ ಹೋದರು. 146 ಮತ್ತು 261ನೇ ಸ್ಕ್ವಾಡ್ರನ್‌ಗಳು (ವಾಯುಪಡೆಯ ತುಕಡಿಗಳು) ಮೊದಲು ಬಂದವುಗಳಲ್ಲಿ ಸೇರಿವೆ. ಇದನ್ನು ತಿಳಿದ ದಿನದಿಂದ ಮನೆಯ ಮೇಲೆ ವಿಮಾನದ ಸದ್ದು ಕೇಳಿದಾಗಲೆಲ್ಲ ಅವರ ನೆನಪಾಗುತ್ತದೆ.

ಮೊದಲ ಮಾದರಿಯನ್ನು ಮಾರುಕಟ್ಟೆಯಲ್ಲಿ ಸಿಕ್ಕ ಒಂದು ಡಿಕಾಲ್ ಹಾಳೆಯನ್ನು (ಮಾದರಿಗೆ ಅಂಟಿಸುವ ಗುರುತುಗಳ ಹಾಳೆ) ನಂಬಿ ಮುಗಿಸಿದ್ದೆ. ಬಣ್ಣದ ಚಿತ್ರ ಸುಂದರವಾಗಿತ್ತು. ಕೆಳಗೆ ಸ್ಕ್ವಾಡ್ರನ್ ಸಂಖ್ಯೆ, ವರ್ಷ, ಎಲ್ಲವೂ ಇದ್ದವು. ಆರು ವಾರ ದುಡಿದು ಮುಗಿಸಿದ ಮೇಲೆ ಅದೇ ವಿಮಾನದ್ದೆನ್ನುವ ಮೂಲ ಛಾಯಾಚಿತ್ರ ಕಣ್ಣಿಗೆ ಬಿತ್ತು. ಹಾಳೆಯಲ್ಲಿದ್ದ ವಾಯುಪಡೆಯ ವೃತ್ತಲಾಂಛನ ಚಿತ್ರದಲ್ಲಿದ್ದುದಕ್ಕಿಂತ ಎರಡು ಪಟ್ಟು ದೊಡ್ಡದು. ಪಟ್ಟೆಗಳು ಬೇರೆ ಕಡೆ ಇದ್ದವು. ಹಾಳೆ ಬರೆದವರು 1944ರ ವಿಮಾನಕ್ಕೆ 1945ರ ವಿಮಾನವೊಂದರ ಬಟ್ಟೆ ತೊಡಿಸಿದ್ದರು. ಅಂದು ಬಹಳ ಬೇಸರವಾಯಿತು. ಬಣ್ಣವನ್ನೆಲ್ಲ ಕೆರೆದು ತೆಗೆದು, ಇನ್ನು ಮುಂದೆ ಛಾಯಾಚಿತ್ರದಿಂದಲೇ ಆರಂಭಿಸಬೇಕೆಂದು ತೀರ್ಮಾನಿಸಿದೆ.

ಆಗ ಕಲಿತ ಮೊದಲ ಪಾಠ: ಒಂದು ವಿಮಾನದ ಗುರುತು ಎನ್ನುವುದು ಇಲ್ಲ, ಇರುವುದು ಒಂದು ದಿನದ ಗುರುತು. ಬರ್ಮಾ ರಂಗದಲ್ಲಂತೂ ಇದು ಅಕ್ಷರಶಃ ನಿಜ. ಬ್ರಿಟಿಷ್ ಲಾಂಛನದ ನಡುವಿನ ಕೆಂಪು ಬೊಟ್ಟು ಜಪಾನಿನ ಕೆಂಪು ಸೂರ್ಯನಂತೆ ಕಂಡು ಸ್ವಂತದವರ ಗುಂಡಿಗೇ ಬಲಿಯಾಗುವ ಅಪಾಯವಿದ್ದುದರಿಂದ, ಇಲ್ಲಿ ಕೆಂಪನ್ನೇ ಕೈಬಿಟ್ಟು ಕಡುನೀಲಿಯ ಒಳಗೆ ತಿಳಿನೀಲಿ ಇಟ್ಟರು. ಲಾಂಛನವೂ ಚಿಕ್ಕದಾಯಿತು. ಥಂಡರ್‌ಬೋಲ್ಟ್‌ಗೆ ಇನ್ನೊಂದು ತೊಡಕಿತ್ತು. ಅದರ ಮೂತಿ ದುಂಡಗೆ. ಎದುರಾಳಿಯ ಹಲವು ಫೈಟರ್‌ಗಳ ಮೂತಿಯೂ ದುಂಡಗೆ. ಅದಕ್ಕೇ ಎಂಜಿನ್ ಕವಚದ ಮುಂಭಾಗ, ರೆಕ್ಕೆ, ಬಾಲಗಳ ಮೇಲೆ ಅಗಲವಾದ ಬಿಳಿ ಪಟ್ಟೆ ಬಂತು. ಮುಂದೆ ಬಣ್ಣ ಬಳಿಯದೆ ಲೋಹದ ಹೊಳಪಿನಲ್ಲೇ ಬಂದ ವಿಮಾನಗಳ ಮೇಲೆ ಅದೇ ಪಟ್ಟೆ ಕಡುಬಣ್ಣಕ್ಕೆ ತಿರುಗಿತು. ಹೀಗೆ ಕೆಲವು ತಿಂಗಳ ಅಂತರದಲ್ಲೇ ನೋಟ ಬದಲಾಗುತ್ತಿದ್ದಾಗ, ತಾರೀಖಿಲ್ಲದ ಚಿತ್ರವನ್ನು ಎಷ್ಟು ಹೊತ್ತು ನೋಡಿದರೂ ಅರ್ಧವೇ ತಿಳಿಯುತ್ತದೆ.

ಅಳತೆ ಹಿಡಿಯುವ ದಾರಿ ಆಕಸ್ಮಿಕವಾಗಿ ಹೊಳೆಯಿತು. ಬ್ರಿಟಿಷ್ ವಿಮಾನದ ಕ್ರಮಸಂಖ್ಯೆಯನ್ನು ಒಡಲ ಹಿಂಭಾಗದಲ್ಲಿ ಬರೆಯುತ್ತಿದ್ದ ಅಕ್ಷರಗಳ ಎತ್ತರ ನಿಯಮದ ಪ್ರಕಾರ 8 ಅಂಗುಲ. ಅಂದರೆ ಬದಿಯಿಂದ ತೆಗೆದ ಪ್ರತಿ ಚಿತ್ರದ ಒಳಗೇ ಒಂದು ಅಳತೆಗೋಲು ಇದೆ! ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಆ ಅಕ್ಷರದ ಎತ್ತರವನ್ನು ಡಿವೈಡರ್‌ನಲ್ಲಿ ಹಿಡಿದು, ಪಕ್ಕದ ಲಾಂಛನದ ಮೇಲೆ ಇಟ್ಟೆ. ಸರಿಯಾಗಿ ಎರಡು ಸಲ ಕೂತಿತು. 16 ಅಂಗುಲ. ನನ್ನ ಮಾದರಿಯಲ್ಲಿ 8.5 ಮಿಲಿಮೀಟರ್. ರೆಕ್ಕೆಯ ಪಟ್ಟೆ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ರೆಕ್ಕೆ ಕ್ಯಾಮೆರಾಕ್ಕೆ ಓರೆಯಾಗಿರುತ್ತದೆ, ದೂರದ ತುದಿ ಕುಗ್ಗಿ ಕಾಣುತ್ತದೆ. ಕೊನೆಗೆ ತಗಡಿನ ಜೋಡಣೆಗೆರೆಗಳನ್ನು ಎಣಿಸಿ, ಪಟ್ಟೆ ಯಾವ ಗೆರೆಯಿಂದ ಯಾವ ಗೆರೆಯವರೆಗೆ ಇದೆಯೆಂದು ನೋಡಿ, ಆ ಅಂತರವನ್ನು ವಿಮಾನದ ತಯಾರಿಕಾ ನಕ್ಷೆಯಲ್ಲಿ ಅಳೆದೆ. ನಾಲ್ಕು ಬೇರೆ ಬೇರೆ ಚಿತ್ರಗಳಲ್ಲಿ 28 ಅಂಗುಲದ ಆಸುಪಾಸಿಗೇ ಬಂದು ನಿಂತಿತು. ಬಣ್ಣ ಬಳಿಯುವಾಗ ಅಂಚು ಮರೆಮಾಡುವ ಮಾಸ್ಕಿಂಗ್ ಟೇಪನ್ನು 14.8 ಮಿಲಿಮೀಟರಿಗೆ ಕತ್ತರಿಸಿದಾಗ ಆದ ಸಮಾಧಾನ ಹೇಳತೀರದು.

ಕಪ್ಪುಬಿಳುಪು ಚಿತ್ರದಲ್ಲಿ ಬಣ್ಣ ಓದುವಾಗ ತೀರ ಎಚ್ಚರ ಬೇಕು. ಆ ಕಾಲದಲ್ಲಿ ಬಳಕೆಯಲ್ಲಿದ್ದ ಆರ್ಥೋಕ್ರೋಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣಿಸುವುದಿಲ್ಲ, ಅದು ಕಪ್ಪಾಗಿಬಿಡುತ್ತದೆ, ನೀಲಿ ಬೆಳ್ಳಗಾಗುತ್ತದೆ. ಲಾಂಛನದ ನಡುವಿನ ತಿಳಿನೀಲಿ ಬಿಳಿಯಾಗಿ ಕಂಡ ಚಿತ್ರವೊಂದನ್ನು ನೋಡಿ ಅದು ಬಿಳಿಯೇ ಎಂದು ಎರಡು ವಾರ ನಂಬಿಕೊಂಡಿದ್ದೆ. ಈಗ ಪ್ರತಿ ಚಿತ್ರದಲ್ಲೂ ಮೊದಲು ಬಣ್ಣ ಖಚಿತವಾಗಿ ಗೊತ್ತಿರುವ ಏನನ್ನಾದರೂ ಹುಡುಕುತ್ತೇನೆ. ಅದು ಯಾವ ಛಾಯೆಯಲ್ಲಿ ಬಿದ್ದಿದೆ ಎಂಬುದರಿಂದ ಫಿಲ್ಮಿನ ಗುಣ ಊಹಿಸಿಕೊಂಡು ಉಳಿದದ್ದನ್ನು ಓದುತ್ತೇನೆ.

ಸಂಗ್ರಹಾಲಯದ ವಿಮಾನವೂ ಸಾಕ್ಷಿಯಲ್ಲ. ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂನ ಥಂಡರ್‌ಬೋಲ್ಟ್ ಮೇಲೆ 30ನೇ ಸ್ಕ್ವಾಡ್ರನ್ನಿನ ಗುರುತಾದ ಆರ್‌ಎಸ್ ಅಕ್ಷರಗಳೂ ಕೆಎಲ್216 ಎಂಬ ಕ್ರಮಸಂಖ್ಯೆಯೂ ಇವೆ. ಆದರೆ ಆ ಒಡಲು ಯುಗೊಸ್ಲಾವಿಯಾದ ವಾಯುಪಡೆಯಲ್ಲಿ ಹಾರಿದ್ದು. ಗುರುತುಗಳನ್ನು ನಂತರ ಬಳಿದದ್ದು. ನಾನು ಅದರ ಚಿತ್ರಗಳನ್ನು ಚಕ್ರದ ಗೂಡಿನ ಒಳಭಾಗ, ಬಂದೂಕಿನ ನಳಿಕೆಗಳಂತಹ ವಿವರಗಳಿಗೆ ಮಾತ್ರ ಬಳಸಿದೆ. ಆ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ನಳಿಕೆಗಳ ವಿಷಯ ಬಂತಲ್ಲ, ಅಲ್ಲಿಯೇ ಸ್ವಲ್ಪ ನಿಲ್ಲುತ್ತೇನೆ. ಪ್ರತಿ ರೆಕ್ಕೆಯಲ್ಲಿ ನಾಲ್ಕರಂತೆ ಎಂಟು ಅರ್ಧ ಅಂಗುಲದ ಬ್ರೌನಿಂಗ್ ಮೆಷಿನ್ ಗನ್‌ಗಳು. ನಳಿಕೆಗಳು ಒಂದೇ ಉದ್ದಕ್ಕೆ ಚಾಚಿಲ್ಲ. ಒಡಲ ಹತ್ತಿರದ್ದು ಹೆಚ್ಚು ಹೊರಗೆ, ತುದಿಯ ಕಡೆಯದು ಕಡಿಮೆ. ಗುಂಡಿನ ಸರಗಳು ರೆಕ್ಕೆಯ ಹೊರಭಾಗದ ಪೆಟ್ಟಿಗೆಗಳಿಂದ ಪಕ್ಕಪಕ್ಕದಲ್ಲಿ ಹರಿದು ಬರಬೇಕಾದ್ದರಿಂದ ಗನ್‌ಗಳನ್ನು ಮೆಟ್ಟಿಲಿನಂತೆ ಹಿಂದೆ ಮುಂದೆ ಕೂರಿಸಿದ್ದಾರೆ. ಇನ್ನೊಂದು ವಿಷಯವನ್ನು ಬಹಳ ಮಂದಿ ಗಮನಿಸುವುದಿಲ್ಲ: ರೆಕ್ಕೆ ಮೇಲ್ಮುಖವಾಗಿ ಓರೆಯಾಗಿದ್ದರೂ ನಾಲ್ಕು ನಳಿಕೆಗಳ ಸಾಲು ನೆಲಕ್ಕೆ ಸಮಾನಾಂತರ. ನಾನು ನಳಿಕೆಗಳನ್ನು ಅಂಟಿಸುವಾಗ ಮಾದರಿಯನ್ನು ಗಾಜಿನ ಮೇಲಿಟ್ಟು, ಗಾಜಿನಿಂದ ಎತ್ತರ ಅಳೆದೆ.

ಗನ್ನಿಗೆ 425 ಗುಂಡುಗಳವರೆಗೆ ಹಿಡಿಸುತ್ತಿತ್ತು. ನಿಮಿಷಕ್ಕೆ ಸುಮಾರು 800ರ ವೇಗದಲ್ಲಿ ಅದು ಬರೀ ಅರ್ಧ ನಿಮಿಷದ ಮದ್ದು. ಬಾಂಬಿನ ಭಾರ ಹೆಚ್ಚಾದಾಗ ಗುಂಡುಗಳನ್ನು 267ಕ್ಕೆ ಇಳಿಸುವ ಪದ್ಧತಿಯೂ ಇತ್ತು. ಬಾಂಬು ಯಾವುದೆಂದು ತಿಳಿಯಲು ಅದರ ಬಾಲ ನೋಡಬೇಕು. ಮಾದರಿಯ ಪೆಟ್ಟಿಗೆಯಲ್ಲಿ ಬಂದದ್ದು ಅಮೆರಿಕದ 500 ಪೌಂಡಿನವು, ಚೌಕ ಪೆಟ್ಟಿಗೆಯಂತಹ ಬಾಲದವು. ನನ್ನ ಚಿತ್ರದಲ್ಲಿ ರೆಕ್ಕೆಯಡಿ ಕಂಡದ್ದು ಡಬ್ಬಿಯಂತೆ ದುಂಡನೆಯ ಬಾಲದ ಬ್ರಿಟಿಷ್ ಬಾಂಬು. ತಗಡು ಸುತ್ತಿ ನಾನೇ ಮಾಡಿಕೊಂಡೆ. ಪೆಟ್ಟಿಗೆಯಲ್ಲಿದ್ದ ಮೂರು ಕೊಳವೆಯ ರಾಕೆಟ್ ಗೊಂಚಲುಗಳನ್ನು ತೆಗೆದಿಟ್ಟೆ. ಬರ್ಮಾದ ಬ್ರಿಟಿಷ್ ಸ್ಕ್ವಾಡ್ರನ್‌ಗಳ ಚಿತ್ರಗಳಲ್ಲಿ ನಾನು ಎಲ್ಲಿಯೂ ಅವನ್ನು ಕಂಡಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ವಿಮಾನದ ಹೆಸರು ಹಿಡಿಯುವುದು. ಚಿತ್ರದಲ್ಲಿ 261ನೇ ಸ್ಕ್ವಾಡ್ರನ್ನಿನ ಗುರುತಾದ ಎಫ್‌ಜೆ ಅಕ್ಷರಗಳು ಸ್ಪಷ್ಟವಾಗಿದ್ದವು. ಸ್ಕ್ವಾಡ್ರನ್ನಿನ ಒಳಗೆ ಇದು ಯಾವ ವಿಮಾನವೆಂದು ಹೇಳುವ ಮೂರನೆಯ ಅಕ್ಷರದ ಮುಂದೆ ಮೆಕ್ಯಾನಿಕ್ ಒಬ್ಬ ನಿಂತಿದ್ದ. ಅದು ಸಿ, ಜಿ, ಓ ಮೂರರಲ್ಲಿ ಯಾವುದೂ ಆಗಬಹುದಿತ್ತು. ಲಂಡನ್ನಿನ ಕ್ಯೂ ಪತ್ರಾಗಾರದಲ್ಲಿ ಸ್ಕ್ವಾಡ್ರನ್‌ಗಳ ಕಾರ್ಯಾಚರಣೆ ದಾಖಲೆಗಳಿವೆ. ಅದರಲ್ಲಿ ಫಾರ್ಮ್ 540 ತಿಂಗಳ ಕಥೆ ಹೇಳುತ್ತದೆ. ಫಾರ್ಮ್ 541 ಯಾವ ವಿಮಾನ, ಯಾವ ಪೈಲಟ್, ಎಷ್ಟು ಗಂಟೆಗೆ ಹೋದ, ಎಷ್ಟಕ್ಕೆ ಬಂದ ಎಂದು ಬರೆದಿಡುತ್ತದೆ. ನಾನು ನೋಡಿದ ಪುಟಗಳಲ್ಲಿ ಕ್ರಮಸಂಖ್ಯೆ ಇತ್ತು, ಅಕ್ಷರ ಇರಲಿಲ್ಲ. ಪೈಲಟ್‌ಗಳ ಸ್ವಂತ ಲಾಗ್‌ಬುಕ್‌ನಲ್ಲಿ (ಹಾರಾಟಗಳನ್ನು ಬರೆದಿಡುವ ಪುಸ್ತಕ) ಸಾಮಾನ್ಯವಾಗಿ ಇದರ ತಿರುಗುಮುರುಗು: ಅಕ್ಷರ ಇರುತ್ತದೆ, ಸಂಖ್ಯೆ ಇರುವುದಿಲ್ಲ.

ಇಂಗ್ಲೆಂಡಿನ ಹಿರಿಯರೊಬ್ಬರು ತಮ್ಮ ತಂದೆಯ ಲಾಗ್‌ಬುಕ್‌ನ ಪುಟಗಳನ್ನು ಚಿತ್ರ ತೆಗೆದು ಕಳುಹಿಸಿಕೊಟ್ಟರು. ಮೊದಲ ಪುಟದಲ್ಲೇ ನೀಲಿ ಮಸಿಯಲ್ಲಿ, ಓರೆ ಕೈಬರಹದಲ್ಲಿ, ಯಲಹಂಕ ಎಂದಿತ್ತು. ಇಪ್ಪತ್ತರ ಹರೆಯದ ಹುಡುಗ ನಮ್ಮೂರಿನ ಹೆಸರನ್ನು ಒಂದೊಂದು ಅಕ್ಷರ ಕೂಡಿಸಿ ಬರೆದದ್ದನ್ನು ನೋಡಿ ಸ್ವಲ್ಪ ಹೊತ್ತು ಮುಂದಿನ ಪುಟ ತಿರುಗಿಸಲಾಗಲಿಲ್ಲ.

ಆಮೇಲೆ ಕೆಲಸ ಸರಳವಾಯಿತು. ಲಾಗ್‌ಬುಕ್‌ನ ತಾರೀಖು, ಹಾರಾಟದ ಅವಧಿ ಒಂದು ಕಡೆ. ಫಾರ್ಮ್ 541ರಲ್ಲಿ ಅದೇ ಪೈಲಟ್, ಅದೇ ತಾರೀಖು ಇನ್ನೊಂದು ಕಡೆ. ಒಂದು ಹೊಂದಾಣಿಕೆ ಸಾಲದು. ನಾಲ್ಕು ದಿನಗಳಲ್ಲಿ ಜಿ ಅಕ್ಷರವೂ ಒಂದೇ ಕ್ರಮಸಂಖ್ಯೆಯೂ ಜೊತೆಯಾಗಿ ಬಂದವು. ಐದನೆಯ ದಿನ ಮಾತ್ರ ಬೇರೆ ಸಂಖ್ಯೆ. ಮಳೆಗಾಲ ಮುಗಿಯುವ ಹೊತ್ತಿಗೆ ಡೇರೆಯಲ್ಲಿ ಕುಳಿತು ತಿಂಗಳ ಲೆಕ್ಕವನ್ನೆಲ್ಲ ಟೈಪು ಮಾಡುತ್ತಿದ್ದ ಗುಮಾಸ್ತನ ಬೆರಳು ತಪ್ಪಿರಬಹುದೇ ಎಂದು ಪರೀಕ್ಷಿಸಿದೆ. ನನ್ನ ವಿಮಾನ ಮಾರ್ಕ್ 1, ಅಂದರೆ ಬ್ರಿಟಿಷರಿಗೆ ಬಂದ ಮೊದಲ ರೂಪದ ಥಂಡರ್‌ಬೋಲ್ಟ್. ಅವು ಒಟ್ಟು 240. ಅವುಗಳ ಸಂಖ್ಯೆಗಳು ಎಫ್‌ಎಲ್731ರಿಂದ 850, ಎಚ್‌ಬಿ962ರಿಂದ 999, ಎಚ್‌ಡಿ100ರಿಂದ 181. ಐದನೆಯ ದಿನದ ಸಂಖ್ಯೆ ಈ ಮೂರರ ಒಳಗೂ ಬರಲಿಲ್ಲ. ಅದರ ಕೊನೆಯ ಎರಡು ಅಂಕೆಗಳನ್ನು ಅದಲುಬದಲು ಮಾಡಿದರೆ ನನ್ನ ವಿಮಾನವೇ! ಚಿತ್ರವನ್ನು ಮತ್ತೆ ದೊಡ್ಡದು ಮಾಡಿ ನೋಡಿದಾಗ ಬಾಲದ ನೆರಳಿನಲ್ಲಿ ಆ ಎರಡು ಅಂಕೆಗಳ ಮೇಲುತುದಿಗಳೂ ಕಂಡವು.

ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ನಿಯಮವಿದೆ. ಕಣ್ಣಾರೆ ಚಿತ್ರದಲ್ಲಿ ಕಂಡದ್ದನ್ನೂ ಎರಡು ದಾಖಲೆ ಒಪ್ಪಿದ್ದನ್ನೂ ಮಸಿಯಲ್ಲಿ ಬರೆಯುತ್ತೇನೆ, ಊಹೆಯನ್ನು ಪೆನ್ಸಿಲಿನಲ್ಲಿ. ಮಾದರಿ ಮುಗಿದು ಕಪಾಟು ಸೇರಿದೆ. ಪುಸ್ತಕದಲ್ಲಿ ಈಗ ಪೆನ್ಸಿಲಿನ ಸಾಲು ಮೂರೇ: ಮರೆಮಾಚು ಬಣ್ಣಗಳಲ್ಲಿ ಹಸಿರಿನ ಜೊತೆಗಿದ್ದ ಎರಡನೆಯದು, ಹೊಟ್ಟೆಯ ಮೇಲಿನ ಎಣ್ಣೆಕಲೆಗಳು, ಬಲಬದಿಯಲ್ಲಿ ಅಕ್ಷರಗಳನ್ನು ಬರೆದ ಕ್ರಮ. ಬಲಬದಿಯಿಂದ ತೆಗೆದ ಚಿತ್ರಕ್ಕಾಗಿ ಇನ್ನೂ ಎರಡು ಕಡೆ ಪತ್ರ ಬರೆದಿದ್ದೇನೆ. ಆ ಹಿರಿಯರೂ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಬರುವ ತಿಂಗಳು ತೆರೆಯುತ್ತೇನೆಂದಿದ್ದಾರೆ.